ಜಡ್ಡಿಯೊಳಗೆ ದರಕು ತೂಗುವವರು

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಮರಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಬೇರು. ಕೆಸರಿನಿಂದ ಮೇಲೆದ್ದು, ಮಂಡಿ ಮಡಚಿದಂತೆ ಬಾಗಿ, ಮತ್ತೆ ಕೆಸರಿಗೇ ಇಳಿಯುತ್ತದೆ. ಕಾಡು ಜಾಯಿಕಾಯಿ ಬಳಗದ ಮರಗಳು ನಿಂತಿರುವ ಈ ಜೌಗಿಗೆ ರಾಮಪತ್ರೆ ಜಡ್ಡಿ ಎಂದು ಹೆಸರು. ನೀರಡಿಯ ಮಣ್ಣಿನಲ್ಲಿ ಗಾಳಿಯಿಲ್ಲ, ಹಾಗಾಗಿ ಬೇರೇ ಮೇಲೆ ಬಂದು ಉಸಿರಾಡುತ್ತದೆ.

ಸರಿ, ಇಲ್ಲಿ ಉದುರಿದ ಎಲೆಯ, ಅಂದರೆ ದರಕಿನ, ಗತಿ ಏನು? ಅದನ್ನು ಹುಡುಕಿ ಹೊರಡುವ ಪಿಎಚ್‌.ಡಿ. ವಿದ್ಯಾರ್ಥಿಯ ಮುಖ್ಯ ಸಲಕರಣೆ ನೋಡಿದರೆ ನಗು ಬಂದೀತು: ನೈಲಾನ್ ಬಲೆಯ ಪುಟ್ಟ ಚೀಲ. ಆಗಷ್ಟೇ ಉದುರಿದ ಎಲೆ ಆರಿಸಿ, ಒಣಗಿಸಿ, ಹತ್ತು ಗ್ರಾಂನಷ್ಟು ತೂಗಿ, ಚೀಲದ ಬಾಯಿ ಹೊಲಿದು, ನಂಬರಿನ ಬಿಲ್ಲೆ ಕಟ್ಟಿ ಕೆಸರಿನಲ್ಲಿ ಇಡಬೇಕು. ತಿಂಗಳಿಗೆ ಕೆಲವನ್ನು ತೆಗೆದು ತೊಳೆದು, ಒಣಗಿಸಿ, ಮತ್ತೆ ತೂಕ. ಕಡಿಮೆಯಾದಷ್ಟು ಕೊಳೆತಿದೆ ಎಂದು ಲೆಕ್ಕ. ಕಷ್ಟವಿರುವುದು ತೊಳೆಯುವುದರಲ್ಲೇ. ಕೈ ಜೋರಾದರೆ ಎಲೆಯ ಚೂರೂ ಹರಿದುಹೋಗುತ್ತದೆ, ಮೆತ್ತಗಾದರೆ ಮಣ್ಣೂ ತಕ್ಕಡಿ ಏರುತ್ತದೆ. 1950ರ ದಶಕದಿಂದ ನಡೆದುಬಂದ ಪದ್ಧತಿಯಿದು. ತೂಕದ ಜೊತೆಗೆ ಎಲೆಯ ಸಾರಜನಕವನ್ನೂ ಅಳೆಯುತ್ತಾರೆ. ಆ ಕ್ರಮ ಇನ್ನೂ ಹಳೆಯದು: 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ ರೂಪಿಸಿದ್ದು. ಅದು ಬಿಯರ್ ಕಂಪನಿಯ ಪ್ರಯೋಗಾಲಯ!

ನೀರಲ್ಲಿಟ್ಟದ್ದು ಬೇಗ ಕೊಳೆಯುತ್ತದೆ ಎನ್ನುವವರುಂಟು. ಅರ್ಧ ನಿಜ. ನೆನೆದ ಎಲೆಯಿಂದ ಕರಗುವ ಸತ್ವವೆಲ್ಲ ಮೊದಲ ವಾರಗಳಲ್ಲೇ ಬಿಟ್ಟುಕೊಳ್ಳುತ್ತದೆ. ಆಮೇಲೆ ಕೆಲಸ ಕುಂಟುತ್ತದೆ, ಏಕೆಂದರೆ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಆಮ್ಲಜನಕ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತದೆ. ಅದಿಲ್ಲದಾಗ ಸೂಕ್ಷ್ಮಜೀವಿಗಳು ನೈಟ್ರೇಟಿನ ಮೇಲೆ, ಅದು ಮುಗಿದರೆ ಕಬ್ಬಿಣದ ಮೇಲೆ ಬದುಕು ಸಾಗಿಸುತ್ತವೆ. ನೈಟ್ರೇಟಿನ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಕಬ್ಬಿಣ ಹಿಡಿದಿಟ್ಟುಕೊಂಡ ರಂಜಕ ಮಾತ್ರ ಬಿಡುಗಡೆಯಾಗಿ ನೀರಿಗೆ ಬರುತ್ತದೆ. ಇಂಥ ಕಡೆ ಹೆಂಟೆಯೊಂದನ್ನು ಒಡೆದರೆ ಮಣ್ಣೆಲ್ಲ ಬೂದಿ ಬಣ್ಣ. ಬೇರು ಉಸಿರು ತಂದ ದಾರಿಯಲ್ಲಷ್ಟೇ ತುಕ್ಕಿನ ಕೆಂಪು ಗೆರೆ.

ಬೆಟ್ಟದ ದರಕು ಗುಡಿಸಿ ಗೊಬ್ಬರ ಮಾಡುವ ಅಡಿಕೆ ತೋಟದವರಿಗೆ ಎಲೆ ಕೊಳೆಯುವ ಈ ಲೆಕ್ಕ ಹೊಸದೇನಲ್ಲ. ಆದರೆ ಎಷ್ಟೋ ಜಡ್ಡಿಗಳು ಗದ್ದೆ, ತೋಟಗಳಾಗಿ ಹೋಗಿವೆ. ನೀರು ಬಸಿದ ಜಡ್ಡಿಯಲ್ಲಿ ಗಾಳಿಯಾಡಿ, ವರ್ಷಗಟ್ಟಲೆ ಕೂಡಿಟ್ಟ ಇಂಗಾಲ ಬೇಗ ಕರಗುತ್ತದೆ. ಇದನ್ನು ಅಳೆಯಲು ಒಂದು ಬೇಸಿಗೆ ಸಾಲದು, ಮಳೆಗಾಲವೂ ಬೇಕು. ಜಿಗಣೆಗೆ ಹೆದರುವವರ ಕೆಲಸವಲ್ಲ.

ಜಡ್ಡಿಯಲ್ಲಿ ಎಲ್ಲಾದರೂ ಬಿಲ್ಲೆ ಕಟ್ಟಿದ ಚೀಲ ಕಂಡರೆ ಕಸವೆಂದು ಎತ್ತಬೇಡಿ. ಅದು ಯಾರದೋ ವರ್ಷದ ದುಡಿಮೆ.