ಕೆಮಿಕಲ್ ಎಂಜಿನಿಯರಿಂಗ್ ಯಾಕಿಷ್ಟು ಕಷ್ಟ?

ಪಿಯುಸಿಯಲ್ಲಿ ಕೆಮಿಸ್ಟ್ರಿ ಇಷ್ಟ ಇತ್ತು ಅಂತ ಕೆಮಿಕಲ್ ಎಂಜಿನಿಯರಿಂಗ್ ತಗೊಳ್ತಿದ್ದೀರಾ? ಸ್ವಲ್ಪ ತಡೀರಿ. ಇಲ್ಲಿ ಕೆಮಿಸ್ಟ್ರಿಗಿಂತ ಗಣಿತ, ಭೌತಶಾಸ್ತ್ರದ ಕಾಟವೇ ಜಾಸ್ತಿ.

ಒಂದು ಲೀಟರ್ ಫ್ಲಾಸ್ಕ್‌ನಲ್ಲಿ ಬಿಸಿ ಹುಟ್ಟಿಸೋ ರಿಯಾಕ್ಷನ್ ನಡೀತಿದೆ ಅಂದ್ಕೊಳ್ಳಿ. ಬಿಸಿ ಗಾಜಿನ ಮೈಯಿಂದ ಆಚೆ ಹೋಗುತ್ತೆ, ತೊಂದರೆ ಇಲ್ಲ. ಈಗ ಆ ಪಾತ್ರೆಯನ್ನ ಉದ್ದ, ಅಗಲ, ಎತ್ತರ ಎಲ್ಲದರಲ್ಲೂ 10 ಪಟ್ಟು ಹಿಗ್ಗಿಸಿ. ಒಳಗಿನ ದ್ರವ 1000 ಪಟ್ಟಾಯ್ತು. ಬಿಸಿ ಹೊರಗೆ ಬಿಡೋ ಮೈ? ಬರೀ 100 ಪಟ್ಟು! ಒಳಗೇ ಉಳಿದ ಬಿಸಿ ರಿಯಾಕ್ಷನ್ ವೇಗ ಹೆಚ್ಚಿಸುತ್ತೆ, ಆ ವೇಗ ಇನ್ನಷ್ಟು ಬಿಸಿ ಹುಟ್ಟಿಸುತ್ತೆ. ರಿಯಾಕ್ಟರ್ ಕೈಮೀರೋದು ಹೀಗೆ. ಇದನ್ನ ತಡೆಯೋಕೆ ಹೀಟ್ ಟ್ರಾನ್ಸ್‌ಫರ್, ದ್ರವದ ಹರಿವು, ರಿಯಾಕ್ಷನ್ ವೇಗ, ಮೂರರ ಸಮೀಕರಣಗಳನ್ನೂ ಒಟ್ಟಿಗೇ ಬಿಡಿಸಬೇಕು. ಒಂದು ಸಂಖ್ಯೆ ಊಹಿಸು, ಲೆಕ್ಕ ಹಾಕು, ತಾಳೆಯಾಗದಿದ್ರೆ ಮತ್ತೆ ಊಹಿಸು.

ರಿಯಾಕ್ಷನ್ ಆದ್ಮೇಲೆ ಬೇರ್ಪಡಿಸೋ ಕೆಲಸ. ಕುದಿಸಿ ಬೇರ್ಪಡಿಸೋ ಡಿಸ್ಟಿಲೇಷನ್‌ಗೆ 1925ರ ಮೆಕೇಬ್-ಥೀಲ್ ವಿಧಾನ ಇದೆ. ಗ್ರಾಫ್ ಶೀಟ್ ಮೇಲೆ ಮೆಟ್ಟಿಲು ಎಳೆದು, ಎಷ್ಟು ಹಂತ ಬೇಕು ಅಂತ ಎಣಿಸೋದು, ಇದು ಮಜಾನೇ. ಆದ್ರೆ ಎಥನಾಲ್, ನೀರು ಬೇರ್ಪಡಿಸೋಕೆ ಹೋದ್ರೆ, ತೂಕದಲ್ಲಿ ಸುಮಾರು 95.6% ಎಥನಾಲ್ ಹತ್ತಿರ ಮೆಟ್ಟಿಲು ನಿಂತೇಹೋಗುತ್ತೆ. ಅಲ್ಲಿ ಆವಿಯಲ್ಲೂ ದ್ರವದಲ್ಲೂ ಒಂದೇ ಪ್ರಮಾಣ.

ಯಾಕೆ ಅಂತ ಕೇಳಿದ್ರೆ, ಬಂತು ನೋಡಿ ಥರ್ಮೋಡೈನಮಿಕ್ಸ್! ತಾಪಮಾನ ಥರ್ಮಾಮೀಟರ್‌ನಲ್ಲಿ ಕಾಣುತ್ತೆ. ಆದ್ರೆ ಫ್ಯುಗಾಸಿಟಿ, ಅಂದ್ರೆ ಒಂದು ವಸ್ತುವಿಗೆ ದ್ರವ ಅಥವಾ ಆವಿಯಿಂದ ತಪ್ಪಿಸಿಕೊಳ್ಳೋ ಒಲವು ಎಷ್ಟು ಅನ್ನೋದನ್ನ ತೋರಿಸೋ ಮೀಟರ್ ಯಾವ ಲ್ಯಾಬ್‌ನಲ್ಲೂ ಇಲ್ಲ. ನನ್ನ ಪ್ರಕಾರ ಹುಡುಗರು ಹೆಚ್ಚು ಎಡವೋದು ಇಲ್ಲೇ.

ಸೇರೋ ಯೋಚನೆ ಇದ್ರೆ ಮೊದಲು ಮೆಟೀರಿಯಲ್ ಬ್ಯಾಲೆನ್ಸ್ ಗಟ್ಟಿ ಮಾಡ್ಕೊಳ್ಳಿ. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು, ಒಳಗೆ ಉಳಿದದ್ದೆಷ್ಟು? ಮುಂದಿನ ಪ್ರತಿ ಸೆಮಿಸ್ಟರ್‌ನಲ್ಲೂ ಈ ಲೆಕ್ಕ ಬರುತ್ತೆ.