ರೈತರ ಸಂತೆಗಳಲ್ಲಿ ಆಹಾರ ನೆರವಿನ ಬಳಕೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕಡಿಮೆ ಆದಾಯದ ಕುಟುಂಬಗಳು ಸರ್ಕಾರದಿಂದ ತಮಗೆ ದೊರೆಯುವ ಆಹಾರ ನೆರವಿನ ಹಣವನ್ನು ರೈತರ ಸಂತೆಗಳಲ್ಲಿ ಬಳಸಿ, ಹಣ್ಣು, ತರಕಾರಿ, ಮೊಟ್ಟೆ, ಹಾಲು ಮೊದಲಾದ ಪದಾರ್ಥಗಳನ್ನು ಬೆಳೆಗಾರರಿಂದ ನೇರವಾಗಿ ಕೊಳ್ಳಬಹುದು. ಈ ನೆರವಿನ ಕಾರ್ಯಕ್ರಮಗಳಲ್ಲಿ ಅತ್ಯಂತ ದೊಡ್ಡದು ‘ಸಪ್ಲಿಮೆಂಟಲ್ ನ್ಯೂಟ್ರಿಷನ್ ಅಸಿಸ್ಟೆನ್ಸ್ ಪ್ರೋಗ್ರಾಮ್’, ಅಂದರೆ ಪೂರಕ ಪೋಷಣೆ ನೆರವು ಕಾರ್ಯಕ್ರಮ. ಇದನ್ನು ಸಂಕ್ಷಿಪ್ತವಾಗಿ ‘ಸ್ನ್ಯಾಪ್’ ಎಂದು ಕರೆಯಲಾಗುತ್ತದೆ. ಹಿಂದೆ ಇದು ‘ಫುಡ್ ಸ್ಟ್ಯಾಂಪ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. ಕಾಗದದ ಚೀಟಿಗಳ ಕಾಲದಲ್ಲಿ ಸಂತೆಯಲ್ಲಿ ಸರಳವಾಗಿದ್ದ ಈ ವ್ಯವಹಾರಕ್ಕೆ ವಿದ್ಯುನ್ಮಾನ ಕಾರ್ಡು ಬಂದ ಮೇಲೆ ದೊಡ್ಡ ಅಡ್ಡಿಯುಂಟಾಯಿತು. ಟೋಕನ್ ಪದ್ಧತಿ, ನಿಸ್ತಂತು ಯಂತ್ರಗಳು ಹಾಗೂ ಪ್ರೋತ್ಸಾಹಕ ಯೋಜನೆಗಳ ಮೂಲಕ ಅದು ಮತ್ತೆ ಚೇತರಿಸಿಕೊಂಡಿತು.

ಸ್ನ್ಯಾಪ್ ಕಾರ್ಯಕ್ರಮದ ಸ್ವರೂಪ

ಸ್ನ್ಯಾಪ್ ನೆರವಿನ ಹಣವನ್ನು ಒಕ್ಕೂಟ ಸರ್ಕಾರ ಭರಿಸುತ್ತದೆ. ಕೃಷಿ ಇಲಾಖೆಯ ಆಹಾರ ಮತ್ತು ಪೋಷಣೆ ಸೇವಾ ವಿಭಾಗವು ಇದರ ನಿಯಮಗಳನ್ನು ರೂಪಿಸುತ್ತದೆ. ಅರ್ಜಿಗಳನ್ನು ಪರಿಶೀಲಿಸಿ ಕುಟುಂಬಗಳಿಗೆ ನೆರವು ಮಂಜೂರು ಮಾಡುವ ಹೊಣೆ ಆಯಾ ರಾಜ್ಯಗಳದು. ಇತ್ತೀಚಿನ ವರ್ಷಗಳಲ್ಲಿ ತಿಂಗಳೊಂದಕ್ಕೆ ಸುಮಾರು 4 ಕೋಟಿಗೂ ಹೆಚ್ಚು ಜನರು ಇದರ ಪ್ರಯೋಜನ ಪಡೆದಿದ್ದಾರೆ.

ಭಾರತದ ಪಡಿತರ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಗೊತ್ತುಪಡಿಸಿದ ಧಾನ್ಯವನ್ನು ನ್ಯಾಯಬೆಲೆ ಅಂಗಡಿಯ ಮೂಲಕ ವಿತರಿಸಲಾಗುತ್ತದೆ. ಸ್ನ್ಯಾಪ್‌ನಲ್ಲಿ ಧಾನ್ಯದ ಬದಲು ಕೊಳ್ಳುವ ಶಕ್ತಿಯನ್ನು ಕೊಡಲಾಗುತ್ತದೆ. ಪ್ರತಿ ತಿಂಗಳೂ ಒಂದು ಮೊತ್ತವು ಕುಟುಂಬದ ‘ಇಬಿಟಿ’ ಕಾರ್ಡಿಗೆ ಜಮಾ ಆಗುತ್ತದೆ. ‘ಎಲೆಕ್ಟ್ರಾನಿಕ್ ಬೆನಿಫಿಟ್ ಟ್ರಾನ್ಸ್‌ಫರ್’ ಎಂಬುದರ ಸಂಕ್ಷಿಪ್ತ ರೂಪವೇ ಇಬಿಟಿ. ಈ ಕಾರ್ಡನ್ನು ಮಾನ್ಯತೆ ಪಡೆದ ಅಂಗಡಿಗಳಲ್ಲಿ ಬ್ಯಾಂಕಿನ ಡೆಬಿಟ್ ಕಾರ್ಡಿನಂತೆ ಗುಪ್ತಸಂಖ್ಯೆ ಒತ್ತಿ ಬಳಸಬೇಕು. ಸ್ನ್ಯಾಪ್ ಮೊತ್ತವನ್ನು ನಗದಾಗಿ ಪಡೆಯಲು ಅವಕಾಶವಿಲ್ಲ.

ಅರ್ಹತೆಯು ಮುಖ್ಯವಾಗಿ ಕುಟುಂಬದ ಗಾತ್ರ ಮತ್ತು ಆದಾಯವನ್ನು ಅವಲಂಬಿಸಿದೆ. ವಿದ್ಯಾರ್ಥಿ ವೀಸಾ ಅಥವಾ ತಾತ್ಕಾಲಿಕ ಉದ್ಯೋಗ ವೀಸಾದ ಮೇಲೆ ಅಲ್ಲಿ ನೆಲೆಸಿರುವ ವಿದೇಶಿಯರು ಇದಕ್ಕೆ ಅರ್ಹರಲ್ಲ. ಭಾರತದಿಂದ ವ್ಯಾಸಂಗಕ್ಕೆ ಹೋದವರಿಗೂ ಇದೇ ನಿಯಮ ಅನ್ವಯಿಸುತ್ತದೆ. ಶಾಶ್ವತ ನಿವಾಸದ ಪರವಾನಗಿ ಪಡೆದ ವಯಸ್ಕರು ಸಾಮಾನ್ಯವಾಗಿ ಐದು ವರ್ಷ ಕಾಯಬೇಕಾಗುತ್ತದೆ.

ಇತಿಹಾಸ

ಆಹಾರ ಚೀಟಿ ಮತ್ತು ರೈತನ ಬೆಳೆ, ಇವೆರಡರ ನಂಟು ಕಾರ್ಯಕ್ರಮದ ಮೊದಲ ದಿನದಿಂದಲೂ ಇದೆ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಒಂದೆಡೆ ರೈತರ ಬೆಳೆಗೆ ಕೊಳ್ಳುವವರಿರಲಿಲ್ಲ, ಇನ್ನೊಂದೆಡೆ ನಗರಗಳಲ್ಲಿ ನಿರುದ್ಯೋಗಿಗಳು ಹಸಿದಿದ್ದರು. ಈ ಎರಡು ಸಂಕಟಗಳಿಗೂ ಒಟ್ಟಿಗೆ ಪರಿಹಾರ ಹುಡುಕುವ ಉದ್ದೇಶದಿಂದ 1939ರ ಮೇ 16ರಂದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ ಮೊದಲ ಆಹಾರ ಚೀಟಿ ಯೋಜನೆ ಆರಂಭವಾಯಿತು. ಫಲಾನುಭವಿಯು 1 ಡಾಲರ್ ಕೊಟ್ಟು ಕಿತ್ತಳೆ ಬಣ್ಣದ ಚೀಟಿಗಳನ್ನು ಕೊಂಡರೆ 50 ಸೆಂಟ್ ಬೆಲೆಯ ನೀಲಿ ಚೀಟಿಗಳು ಉಚಿತವಾಗಿ ದೊರೆಯುತ್ತಿದ್ದವು. ನೀಲಿ ಚೀಟಿಗಳಿಂದ ಸರ್ಕಾರವು ಹೆಚ್ಚುವರಿ ಎಂದು ಘೋಷಿಸಿದ ಕೃಷಿ ಉತ್ಪನ್ನಗಳನ್ನು ಮಾತ್ರ ಕೊಳ್ಳಬಹುದಾಗಿತ್ತು. ಎರಡನೆಯ ಮಹಾಯುದ್ಧದ ವೇಳೆಗೆ ಬೆಳೆಯ ಹೆಚ್ಚುವರಿಯೂ ವ್ಯಾಪಕ ನಿರುದ್ಯೋಗವೂ ಇಲ್ಲವಾದ ಕಾರಣ 1943ರಲ್ಲಿ ಈ ಯೋಜನೆ ಕೊನೆಗೊಂಡಿತು.

ಅಧ್ಯಕ್ಷ ಜಾನ್ ಎಫ್. ಕೆನಡಿಯವರ ಕಾಲದಲ್ಲಿ, 1961ರಲ್ಲಿ, ಪ್ರಾಯೋಗಿಕ ಯೋಜನೆಗಳು ಮತ್ತೆ ಪ್ರಾರಂಭವಾದವು. 1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಸಹಿಯೊಂದಿಗೆ ಆಹಾರ ಚೀಟಿ ಕಾಯಿದೆ ಜಾರಿಗೆ ಬಂದಿತು. ಚೀಟಿಗಾಗಿ ಫಲಾನುಭವಿಗಳೇ ಹಣ ತೆರಬೇಕೆಂಬ ನಿಬಂಧನೆಯನ್ನು 1977ರ ಕಾಯಿದೆ ತೆಗೆದುಹಾಕಿತು. 2008ರಲ್ಲಿ ಕಾರ್ಯಕ್ರಮಕ್ಕೆ ಈಗಿನ ಹೆಸರು ಬಂದಿತು.

ಇದೇ ಅವಧಿಯಲ್ಲಿ ರೈತರ ಸಂತೆಗಳೂ ಪುನಶ್ಚೇತನಗೊಂಡವು. ರೈತರು ಗ್ರಾಹಕರಿಗೆ ನೇರವಾಗಿ ಮಾರುವುದನ್ನು ಉತ್ತೇಜಿಸುವ ಒಕ್ಕೂಟ ಕಾಯಿದೆಯು 1976ರಲ್ಲಿ ಅಂಗೀಕಾರವಾಯಿತು. ನ್ಯೂಯಾರ್ಕ್ ನಗರದ ‘ಗ್ರೀನ್‌ಮಾರ್ಕೆಟ್’ ಸಂತೆಗಳು ಆರಂಭವಾದದ್ದೂ ಅದೇ ವರ್ಷ.

ಕಾಗದದಿಂದ ಕಾರ್ಡಿಗೆ

ಕಾಗದದ ಆಹಾರ ಚೀಟಿಗಳು 1, 5 ಮತ್ತು 10 ಡಾಲರ್ ಮುಖಬೆಲೆಯಲ್ಲಿ ದೊರೆಯುತ್ತಿದ್ದವು. ಬಯಲಿನಲ್ಲಿ ಮೇಜು ಹಾಕಿಕೊಂಡು ಕುಳಿತ ರೈತನೂ ಅವನ್ನು ನೋಟಿನಂತೆಯೇ ಕೈಯಲ್ಲಿ ಪಡೆದು, ನಂತರ ಬ್ಯಾಂಕಿಗೆ ಕಟ್ಟಬಹುದಾಗಿತ್ತು. ಆದರೆ ಚೀಟಿಗಳ ಮುದ್ರಣ ಮತ್ತು ಸಾಗಣೆಯ ವೆಚ್ಚ ಹೆಚ್ಚಾಗಿತ್ತು. ಅವುಗಳ ಕಳ್ಳ ಮಾರಾಟವನ್ನು ಪತ್ತೆಹಚ್ಚುವುದೂ ಕಷ್ಟವಾಗಿತ್ತು. ಅಲ್ಲದೆ ಎಲ್ಲರೆದುರು ಚೀಟಿ ಎಣಿಸಿ ಕೊಡುವಾಗ ಅನೇಕರಿಗೆ ಸಂಕೋಚವಾಗುತ್ತಿತ್ತು.

1984ರಲ್ಲಿ ಪೆನ್ಸಿಲ್ವೇನಿಯದ ರೆಡಿಂಗ್ ನಗರದಲ್ಲಿ ಕಾರ್ಡು ಪದ್ಧತಿಯ ಪ್ರಯೋಗ ನಡೆಯಿತು. 2002ರ ಅಕ್ಟೋಬರ್ 1ರೊಳಗೆ ಎಲ್ಲ ರಾಜ್ಯಗಳೂ ಈ ಪದ್ಧತಿಗೆ ಬದಲಾಗಬೇಕೆಂದು 1996ರ ಕಲ್ಯಾಣ ಸುಧಾರಣಾ ಕಾಯಿದೆ ವಿಧಿಸಿತು. 2004ರ ವೇಳೆಗೆ ದೇಶಾದ್ಯಂತ ಕಾರ್ಡು ಬಳಕೆಗೆ ಬಂದಿತ್ತು.

ದಿನಸಿ ಅಂಗಡಿಗಳಿಗೆ ಈ ಬದಲಾವಣೆಯಿಂದ ತೊಂದರೆಯಾಗಲಿಲ್ಲ, ಏಕೆಂದರೆ ಅಲ್ಲಿ ವಿದ್ಯುತ್ತು ಮತ್ತು ದೂರವಾಣಿ ತಂತಿ ಎರಡೂ ಇದ್ದವು. ವಾಹನ ನಿಲುಗಡೆಯ ಬಯಲು, ಉದ್ಯಾನ ಅಥವಾ ರಸ್ತೆಬದಿಯಲ್ಲಿ ವಾರಕ್ಕೊಮ್ಮೆ ಸೇರುವ ಸಂತೆಗಳಲ್ಲಿ ಅವೆರಡೂ ಇರಲಿಲ್ಲ. ಕಾರ್ಡು ಓದುವ ಯಂತ್ರವಿಲ್ಲದೆ ಮಾರಾಟ ಸಾಧ್ಯವಾಗದ ಕಾರಣ ಸಂತೆಗಳಲ್ಲಿ ಆಹಾರ ನೆರವಿನ ಬಳಕೆ ತೀವ್ರವಾಗಿ ಕುಸಿಯಿತು. ಬಡ ಗ್ರಾಹಕರಿಗೆ ತಾಜಾ ಪದಾರ್ಥದ ಒಂದು ಮೂಲವೂ, ಸಣ್ಣ ರೈತರಿಗೆ ಗಿರಾಕಿಗಳ ಒಂದು ವರ್ಗವೂ ಏಕಕಾಲಕ್ಕೆ ಕೈತಪ್ಪಿದವು.

ಟೋಕನ್ ಪದ್ಧತಿ

ಈ ಸಮಸ್ಯೆಗೆ ಕಂಡುಕೊಂಡ ಪರಿಹಾರವೇ ಟೋಕನ್ ಪದ್ಧತಿ. ಪ್ರತಿಯೊಬ್ಬ ರೈತನೂ ಯಂತ್ರ ಇಟ್ಟುಕೊಳ್ಳುವ ಬದಲು ಇಡೀ ಸಂತೆಗೆ ಒಂದೇ ನಿಸ್ತಂತು ಯಂತ್ರವನ್ನು ಬಳಸುವುದು ಇದರ ಮೂಲತತ್ತ್ವ. ಸಂತೆಯ ಆಡಳಿತವು ಆಹಾರ ಮತ್ತು ಪೋಷಣೆ ಸೇವಾ ವಿಭಾಗಕ್ಕೆ ಅರ್ಜಿ ಸಲ್ಲಿಸಿ ಎಲ್ಲ ಮಾರಾಟಗಾರರ ಪರವಾಗಿ ಮಾನ್ಯತೆ ಪಡೆಯುತ್ತದೆ. ವ್ಯವಹಾರವು ಈ ಕ್ರಮದಲ್ಲಿ ನಡೆಯುತ್ತದೆ:

1. ಗ್ರಾಹಕರು ಮೊದಲು ಸಂತೆಯ ಮಾಹಿತಿ ಮೇಜಿಗೆ ಹೋಗಿ, ತಾವು ಎಷ್ಟು ಡಾಲರ್ ಖರ್ಚು ಮಾಡಬಯಸುತ್ತಾರೆಂದು ತಿಳಿಸುತ್ತಾರೆ.
2. ಸಿಬ್ಬಂದಿ ಕಾರ್ಡನ್ನು ಯಂತ್ರದಲ್ಲಿ ಎಳೆಯುತ್ತಾರೆ; ಗ್ರಾಹಕರು ಗುಪ್ತಸಂಖ್ಯೆ ಒತ್ತುತ್ತಾರೆ. ಅಷ್ಟು ಮೊತ್ತ ಕಾರ್ಡಿನಿಂದ ಕಡಿತವಾಗುತ್ತದೆ.
3. ಅದಕ್ಕೆ ಸಮನಾದ ಟೋಕನ್‌ಗಳನ್ನು ಅಥವಾ ಕಾಗದದ ಚೀಟಿಗಳನ್ನು ಗ್ರಾಹಕರಿಗೆ ಕೊಡಲಾಗುತ್ತದೆ. ಅನೇಕ ಕಡೆ ಇವು 1 ಡಾಲರ್ ಮುಖಬೆಲೆಯ ಮರದ ಬಿಲ್ಲೆಗಳು.
4. ಗ್ರಾಹಕರು ಅರ್ಹ ಪದಾರ್ಥಗಳನ್ನು ಮಾರುವ ಮಳಿಗೆಗಳಲ್ಲಿ ಟೋಕನ್ ಕೊಟ್ಟು ಕೊಳ್ಳುತ್ತಾರೆ.
5. ರೈತರು ತಮಗೆ ಬಂದ ಟೋಕನ್‌ಗಳನ್ನು ಸಂತೆಯ ಆಡಳಿತಕ್ಕೆ ಒಪ್ಪಿಸಿ ಅವುಗಳ ಮೌಲ್ಯವನ್ನು ಹಣವಾಗಿ ಪಡೆಯುತ್ತಾರೆ.

ಸ್ನ್ಯಾಪ್ ಟೋಕನ್‌ಗೆ ಚಿಲ್ಲರೆಯನ್ನು ನಗದಾಗಿ ಕೊಡುವಂತಿಲ್ಲ. ಆದ್ದರಿಂದ ಕೆಲವು ರೈತರು ಉಳಿದ ಬೆಲೆಗೆ ಸರಿಯಾಗುವಂತೆ ಇನ್ನೊಂದಿಷ್ಟು ಸೊಪ್ಪು ಅಥವಾ ಒಂದೆರಡು ಹಣ್ಣು ಸೇರಿಸಿ ಲೆಕ್ಕ ಹೊಂದಿಸುತ್ತಾರೆ. ಬಳಸದೆ ಉಳಿದ ಟೋಕನ್‌ಗಳನ್ನು ಹಿಂದಿರುಗಿಸಿದರೆ ಅದರ ಮೊತ್ತವನ್ನು ಕಾರ್ಡಿಗೇ ಮರಳಿ ಜಮಾ ಮಾಡಬೇಕು. ಸಾಮಾನ್ಯ ಬ್ಯಾಂಕ್ ಕಾರ್ಡುಗಳಿಗೆ ಕೊಡುವ ಟೋಕನ್‌ಗಳಿಗೆ ಬೇರೆ ಬಣ್ಣ ಅಥವಾ ಮುಖಬೆಲೆ ಇರುತ್ತದೆ. ರೈತರು ಬಯಸಿದರೆ ಪ್ರತ್ಯೇಕವಾಗಿ ಮಾನ್ಯತೆ ಪಡೆದು ತಮ್ಮದೇ ಯಂತ್ರವನ್ನೂ ಇಟ್ಟುಕೊಳ್ಳಬಹುದು.

ಕೊಳ್ಳಬಹುದಾದ ಮತ್ತು ಕೊಳ್ಳಲಾಗದ ವಸ್ತುಗಳು

ಹಣ್ಣು, ತರಕಾರಿ, ಸೊಪ್ಪು, ಮಾಂಸ, ಮೀನು, ಮೊಟ್ಟೆ, ಹಾಲಿನ ಉತ್ಪನ್ನಗಳು, ಬ್ರೆಡ್, ಜೇನುತುಪ್ಪ, ಹಣ್ಣಿನ ಜಾಮ್ ಮುಂತಾದ ಆಹಾರ ಪದಾರ್ಥಗಳನ್ನು ಸ್ನ್ಯಾಪ್ ಹಣದಿಂದ ಕೊಳ್ಳಬಹುದು. ಮನೆಯಲ್ಲಿ ಆಹಾರ ಬೆಳೆದುಕೊಳ್ಳಲು ಬೇಕಾದ ಬೀಜಗಳನ್ನೂ ಸಸಿಗಳನ್ನೂ ಕೊಳ್ಳಲು ಅವಕಾಶವಿದೆ. ಹೀಗಾಗಿ ಟೊಮೇಟೊ ಹಣ್ಣಿನಂತೆ ಟೊಮೇಟೊ ಸಸಿಯೂ ಅರ್ಹ ವಸ್ತುವೇ.

ಮದ್ಯ, ತಂಬಾಕು, ಜೀವಸತ್ವದ ಮಾತ್ರೆಗಳು, ಸಾಬೂನು, ಹೂಗುಚ್ಛ, ಸಾಕುಪ್ರಾಣಿಗಳ ಆಹಾರ ಮತ್ತು ಬಿಸಿಯಾಗಿ ಬಡಿಸುವ ಸಿದ್ಧ ಆಹಾರಗಳನ್ನು ಕೊಳ್ಳುವಂತಿಲ್ಲ. ಸ್ನ್ಯಾಪ್ ಹಣದಿಂದ ಕೊಂಡ ಪದಾರ್ಥಗಳ ಮೇಲೆ ಮಾರಾಟ ತೆರಿಗೆ ವಿಧಿಸಲು ಅವಕಾಶವಿಲ್ಲ. ಸ್ನ್ಯಾಪ್ ಗ್ರಾಹಕರಿಗೆ ಹೆಚ್ಚಿನ ಬೆಲೆ ಹಾಕುವುದನ್ನೂ ಅವರನ್ನು ಬೇರೆ ಸಾಲಿನಲ್ಲಿ ನಿಲ್ಲಿಸುವುದನ್ನೂ ಸಮಾನ ವರ್ತನೆಯ ನಿಯಮ ನಿಷೇಧಿಸುತ್ತದೆ.

ಪ್ರೋತ್ಸಾಹಕ ಯೋಜನೆಗಳು

ಯಂತ್ರ ಬಂದ ಮಾತ್ರಕ್ಕೆ ಗ್ರಾಹಕರು ಹಿಂದಿರುಗಲಿಲ್ಲ. ಸಂತೆಯಲ್ಲಿ ಬೆಲೆ ಹೆಚ್ಚೆಂಬ ಭಾವನೆ ಹಲವರಲ್ಲಿತ್ತು. ಆದಕಾರಣ ಸ್ನ್ಯಾಪ್ ಹಣ ಖರ್ಚು ಮಾಡುವವರಿಗೆ ಹಣ್ಣು ತರಕಾರಿಗಾಗಿ ಹೆಚ್ಚುವರಿ ಮೊತ್ತ ನೀಡುವ ಯೋಜನೆಗಳು ಹುಟ್ಟಿಕೊಂಡವು.

ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆಯು 2005ರಲ್ಲಿ ‘ಹೆಲ್ತ್ ಬಕ್ಸ್’ ಎಂಬ 2 ಡಾಲರ್ ಮುಖಬೆಲೆಯ ಚೀಟಿಗಳನ್ನು ಆರಂಭಿಸಿತು. 2009ರಲ್ಲಿ ಮಿಶಿಗನ್ ರಾಜ್ಯದ ಡೆಟ್ರಾಯಿಟ್‌ನಲ್ಲಿ ‘ಫೇರ್ ಫುಡ್ ನೆಟ್‌ವರ್ಕ್’ ಸಂಸ್ಥೆಯು ಐದು ರೈತರ ಸಂತೆಗಳೊಂದಿಗೆ ‘ಡಬಲ್ ಅಪ್ ಫುಡ್ ಬಕ್ಸ್’ ಯೋಜನೆಯನ್ನು ಪ್ರಾರಂಭಿಸಿತು. ಒಂದು ಮಿತಿಯೊಳಗೆ, ಗ್ರಾಹಕರು ಖರ್ಚು ಮಾಡಿದ ಪ್ರತಿ ಡಾಲರ್‌ಗೆ ಇನ್ನೊಂದು ಡಾಲರ್ ಬೆಲೆಯ ಹಣ್ಣು ತರಕಾರಿ ದೊರೆಯುತ್ತದೆ. ಈ ಮಾದರಿ ಮುಂದೆ ಅನೇಕ ರಾಜ್ಯಗಳಿಗೆ ಹರಡಿತು. ಕ್ಯಾಲಿಫೋರ್ನಿಯದ ‘ಮಾರ್ಕೆಟ್ ಮ್ಯಾಚ್’ ಯೋಜನೆಯೂ 2009ರಲ್ಲೇ ಆರಂಭವಾಯಿತು.

2014ರ ಕೃಷಿ ಕಾಯಿದೆಯು ಇಂತಹ ಯೋಜನೆಗಳಿಗೆ ಐದು ವರ್ಷಗಳಲ್ಲಿ 10 ಕೋಟಿ ಡಾಲರ್ ಅನುದಾನ ಒದಗಿಸಿತು. 2018ರ ಕಾಯಿದೆಯಲ್ಲಿ ಈ ಅನುದಾನ ಕಾರ್ಯಕ್ರಮಕ್ಕೆ ಗಸ್ ಶೂಮಾಕರ್ ಅವರ ಹೆಸರನ್ನಿಡಲಾಯಿತು. ಮ್ಯಾಸಚೂಸೆಟ್ಸ್ ರಾಜ್ಯದ ಕೃಷಿ ಆಯುಕ್ತರಾಗಿ, ನಂತರ ಒಕ್ಕೂಟ ಕೃಷಿ ಇಲಾಖೆಯ ಉನ್ನತ ಅಧಿಕಾರಿಯಾಗಿ ಸೇವೆ ಸಲ್ಲಿಸಿದ್ದ ಅವರು ಪ್ರೋತ್ಸಾಹಕ ಯೋಜನೆಗಳ ಪ್ರಮುಖ ಪ್ರತಿಪಾದಕರಲ್ಲೊಬ್ಬರು.

ಪ್ರೋತ್ಸಾಹಧನದ ಪರಿಣಾಮವನ್ನು ಅಳೆಯಲು 2011-12ರಲ್ಲಿ ಮ್ಯಾಸಚೂಸೆಟ್ಸ್‌ನ ಹ್ಯಾಂಪ್ಡನ್ ಕೌಂಟಿಯಲ್ಲಿ ಪ್ರಯೋಗವೊಂದು ನಡೆಯಿತು. ನಿಗದಿತ ಹಣ್ಣು ತರಕಾರಿಗಳಿಗೆ ಖರ್ಚು ಮಾಡಿದ ಪ್ರತಿ ಡಾಲರ್‌ಗೆ 30 ಸೆಂಟ್ ಕಾರ್ಡಿಗೆ ಹಿಂದಿರುಗುತ್ತಿತ್ತು. ಪ್ರಯೋಜನ ಪಡೆದವರು ಇತರರಿಗಿಂತ ಸುಮಾರು ಶೇಕಡ 26ರಷ್ಟು ಹೆಚ್ಚು ಹಣ್ಣು ತರಕಾರಿ ಸೇವಿಸಿದರೆಂದು ಕಂಡುಬಂದಿತು. ಆದರೆ ಈ ಪ್ರಯೋಗದ ಖರೀದಿ ಬಹುಪಾಲು ದೊಡ್ಡ ಅಂಗಡಿಗಳಲ್ಲಿ ನಡೆದಿತ್ತು. 2017ರಲ್ಲಿ ಅದೇ ರಾಜ್ಯವು ರೈತರಿಂದ ನೇರವಾಗಿ ಕೊಂಡಾಗ ಮಾತ್ರ ಹಣ ಕಾರ್ಡಿಗೆ ಮರಳುವ ಯೋಜನೆಯನ್ನು ಜಾರಿಗೊಳಿಸಿತು.

ಇತರ ಯೋಜನೆಗಳು

ಗರ್ಭಿಣಿಯರು, ಬಾಣಂತಿಯರು ಮತ್ತು ಚಿಕ್ಕಮಕ್ಕಳಿಗಾಗಿ ಇರುವ ‘ವಿಕ್’ ಪೋಷಣೆ ಕಾರ್ಯಕ್ರಮದ ಅಂಗವಾಗಿ, ರೈತರ ಸಂತೆಯಲ್ಲಿ ಬಳಸುವ ಪ್ರತ್ಯೇಕ ಚೀಟಿಗಳ ಯೋಜನೆಯನ್ನು 1992ರಲ್ಲಿ ಸಂಸತ್ತು ಸ್ಥಾಪಿಸಿತು. ಕಡಿಮೆ ಆದಾಯದ ವೃದ್ಧರಿಗಾಗಿ ಇಂತಹದೇ ಯೋಜನೆ 2001ರಲ್ಲಿ ಆರಂಭವಾಯಿತು. ಇವು ಸ್ನ್ಯಾಪ್‌ಗಿಂತ ಭಿನ್ನ. ಇವುಗಳ ಬಳಕೆ ತಾಜಾ ಹಣ್ಣು, ತರಕಾರಿ, ಸೊಪ್ಪುಗಳಿಗೆ ಸೀಮಿತ. ವೃದ್ಧರ ಯೋಜನೆಯಲ್ಲಿ ಜೇನುತುಪ್ಪಕ್ಕೂ ಅವಕಾಶವಿದೆ.

ತೊಡಕುಗಳು

ಯಂತ್ರದ ಬಾಡಿಗೆ, ವ್ಯವಹಾರ ಶುಲ್ಕ, ಟೋಕನ್ ಲೆಕ್ಕ ಇಡುವ ಸಿಬ್ಬಂದಿಯ ವೇತನ ಇವೆಲ್ಲ ಸಂತೆಯ ಆಡಳಿತದ ಮೇಲೆ ಬೀಳುತ್ತವೆ. ಸ್ವಯಂಸೇವಕರನ್ನೇ ನಂಬಿ ನಡೆಯುವ ಸಣ್ಣ ಸಂತೆಗಳಿಗೆ ಇದು ದೊಡ್ಡ ಹೊರೆ. ನಿಸ್ತಂತು ಯಂತ್ರಗಳನ್ನು ವಿಸ್ತರಿಸಲು 2012ರಲ್ಲಿ ಕೃಷಿ ಇಲಾಖೆಯು 40 ಲಕ್ಷ ಡಾಲರ್ ನೆರವು ಘೋಷಿಸಿತು. 2018ರಲ್ಲಿ ಸುಮಾರು 1,700 ಸಂತೆಗಳಿಗೆ ತಂತ್ರಾಂಶ ಒದಗಿಸುತ್ತಿದ್ದ ಖಾಸಗಿ ಕಂಪನಿಯೊಂದು ಸೇವೆ ನಿಲ್ಲಿಸುವುದಾಗಿ ಪ್ರಕಟಿಸಿದಾಗ, ಮಾರಾಟದ ಹಂಗಾಮಿನ ನಡುವೆಯೇ ಆ ಸಂತೆಗಳು ಇಕ್ಕಟ್ಟಿಗೆ ಸಿಲುಕಿದವು. ತಾತ್ಕಾಲಿಕ ನೆರವಿನಿಂದ ಸೇವೆ ಮುಂದುವರಿಯಿತಾದರೂ, ಇಡೀ ವ್ಯವಸ್ಥೆ ಕೆಲವೇ ಕಂಪನಿಗಳನ್ನು ಅವಲಂಬಿಸಿರುವುದು ಈ ಘಟನೆಯಿಂದ ಸ್ಪಷ್ಟವಾಯಿತು.

ಗ್ರಾಹಕರ ಕಡೆಯಿಂದಲೂ ಅಡಚಣೆಗಳಿವೆ. ಸಂತೆ ವಾರದಲ್ಲಿ ಒಂದೆರಡು ದಿನ, ಕೆಲವೇ ಗಂಟೆಗಳ ಕಾಲ ನಡೆಯುತ್ತದೆ. ಶೀತ ಪ್ರದೇಶಗಳಲ್ಲಿ ಚಳಿಗಾಲದಲ್ಲಿ ಅನೇಕ ಸಂತೆಗಳು ಮುಚ್ಚಿರುತ್ತವೆ. ಸ್ವಂತ ವಾಹನವಿಲ್ಲದವರಿಗೆ ಅಲ್ಲಿಗೆ ತಲುಪುವುದು ಕಷ್ಟ. ಇಂಗ್ಲಿಷ್ ಬಾರದ ವಲಸಿಗರಿಗೆ ನಿಯಮಗಳು ಸುಲಭವಾಗಿ ತಿಳಿಯುವುದಿಲ್ಲ. ಸಂತೆಯಲ್ಲಿ ತಮ್ಮ ಕಾರ್ಡು ನಡೆಯುತ್ತದೆಂಬುದೇ ಹಲವು ಫಲಾನುಭವಿಗಳಿಗೆ ಗೊತ್ತಿರುವುದಿಲ್ಲ.

ಮಹತ್ವ

ದೇಶದಲ್ಲಿ ಖರ್ಚಾಗುವ ಒಟ್ಟು ಸ್ನ್ಯಾಪ್ ಹಣದಲ್ಲಿ ರೈತರ ಸಂತೆಗಳ ಪಾಲು ಶೇಕಡ 1ಕ್ಕಿಂತ ಬಹಳ ಕಡಿಮೆ. ಬಹುಪಾಲು ಹಣ ದೊಡ್ಡ ಅಂಗಡಿಗಳಿಗೆ ಹೋಗುತ್ತದೆ. ಆದರೂ ಸಣ್ಣ ಬೆಳೆಗಾರರಿಗೆ ಈ ಮಾರಾಟದ ಮೌಲ್ಯ ಹೆಚ್ಚು, ಏಕೆಂದರೆ ನೇರ ವ್ಯಾಪಾರದಲ್ಲಿ ಮಧ್ಯವರ್ತಿಗಳ ಪಾಲು ಇರುವುದಿಲ್ಲ. ಅಂಗಡಿಗಳು ವಿರಳವಾಗಿರುವ ಬಡಾವಣೆಗಳಲ್ಲಿ ವಾರದ ಸಂತೆಯು ತಾಜಾ ತರಕಾರಿ ಹತ್ತಿರದಲ್ಲಿ ದೊರೆಯುವ ಕೆಲವೇ ತಾಣಗಳಲ್ಲಿ ಒಂದಾಗಿರುತ್ತದೆ. ಕಾರ್ಡಿನಲ್ಲಿ ಹಣ ಜಮಾ ಮಾಡುವುದರ ಜೊತೆಗೆ, ಅದನ್ನು ಸಂತೆಯಲ್ಲಿ ಖರ್ಚು ಮಾಡಲು ಬೇಕಾದ ಯಂತ್ರ, ಸಿಬ್ಬಂದಿ ಮತ್ತು ಮಾಹಿತಿಯನ್ನು ಒದಗಿಸುವುದೂ ಆಹಾರ ನೆರವಿನ ಭಾಗವೇ ಎಂಬ ತಿಳಿವಳಿಕೆಯು ಈ ಅನುಭವದಿಂದ ರೂಪುಗೊಂಡಿದೆ.