ಹತ್ತು ಜನರ ಸಲಹೆ, ಒಂದು ಹಳೇ ಪದ್ಮಿನಿ: ಯಾರ ಮಾತು ಕೇಳಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇವತ್ತಿನ ವಿಷಯ ಹಳೇ ಕಾರು.

ನಿಂತುಹೋದ ಹಳೇ ಕಾರನ್ನು ಮತ್ತೆ ರಸ್ತೆಗೆ ತರೋಕೆ ಹೊರಟರೆ ಮೊಟ್ಟಮೊದಲು ಸಿಗೋದು ಸಲಹೆ. ಕೇಳಿದರೂ ಹೇಳ್ತಾರೆ, ಕೇಳದಿದ್ದರೂ ಹೇಳ್ತಾರೆ. ಒಬ್ಬರು ‘ಎಂಜಿನ್ ಇಳಿಸಿಬಿಡಿ’ ಅಂತಾರೆ. ಇನ್ನೊಬ್ಬರು ‘ಎಂಜಿನ್ ಮುಟ್ಟಲೇಬೇಡಿ’ ಅಂತಾರೆ. ಇಬ್ಬರೂ ಅದೇ ಗಾಡಿಯನ್ನ ಮೂವತ್ತು ವರ್ಷ ಓಡಿಸಿದವರು. ಆಗ ಯಾರ ಮಾತು ಕೇಳಬೇಕು? ನಮ್ಮ ಮನೆಯ ಕಾರಿನ ಉದಾಹರಣೆ ಇಟ್ಟುಕೊಂಡೇ ಹೇಳ್ತೀನಿ.

ಕಾರು 1984ರ ಪ್ರೀಮಿಯರ್ ಪದ್ಮಿನಿ, ನಮ್ಮ ದೊಡ್ಡಪ್ಪಂದು. ತಿಪಟೂರು ಹತ್ತಿರದ ತೋಟದ ಶೆಡ್ಡಲ್ಲಿ ಹನ್ನೊಂದು ವರ್ಷ ನಿಂತಿತ್ತು. ಆ ಜಾಗದಲ್ಲಿ ಕೊಬ್ಬರಿ ಅಟ್ಟ ಕಟ್ಟಬೇಕು ಅಂತ ನಮ್ಮಣ್ಣ ಗುಜರಿಯವರನ್ನ ಕರೆಸಿ ರೇಟೂ ಮಾತಾಡಿದ್ದ. ದೊಡ್ಡಪ್ಪನಿಗೆ ಎಪ್ಪತ್ತಾರು ವರ್ಷ. ದೊಡ್ಡಮ್ಮನ ಜೊತೆ ಇನ್ನೊಂದು ಸಲ ಅದೇ ಕಾರಲ್ಲಿ ಯಡಿಯೂರಿಗೆ ಹೋಗಿಬರಬೇಕು ಅನ್ನೋದು ಅವರ ಆಸೆ. ಕೊನೆಗೆ ಮನೆಯಲ್ಲಿ ಒಂದು ಒಪ್ಪಂದ ಆಯ್ತು: ಯುಗಾದಿವರೆಗೆ ಸಮಯ, ಒಂದೂವರೆ ಲಕ್ಷ ದುಡ್ಡು. ಅದರೊಳಗೆ ಆಗಲಿಲ್ಲ ಅಂದ್ರೆ ಗುಜರಿಗೆ. ದೊಡ್ಡಪ್ಪ ಹಾಕಿದ್ದು ಒಂದೇ ಷರತ್ತು: ‘ನೋಡಮ್ಮ, ಬಣ್ಣ ಆಮೇಲೆ ಹೊಡಿಸು. ನಿಲ್ಲಿಸಬೇಕು ಅಂದ ಕಡೆ ಗಾಡಿ ನಿಲ್ಲಬೇಕು.’

ಫಿಯೆಟ್ಟಾ, ಪದ್ಮಿನೀನಾ?

ನಮ್ಮ ಕಡೆ ಇವತ್ತಿಗೂ ಇದನ್ನ ಫಿಯೆಟ್ ಅಂತಲೇ ಕರೀತಾರೆ. ಅದು ತಪ್ಪೇನೂ ಅಲ್ಲ. ಇಟಲಿಯ ಫಿಯೆಟ್ 1100 ಡಿ ಕಾರನ್ನೇ ಮುಂಬೈನ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ 1964ರಿಂದ ಇಲ್ಲಿ ತಯಾರಿಸ್ತು. 1974ರಲ್ಲಿ ಅದಕ್ಕೆ ಪ್ರೀಮಿಯರ್ ಪದ್ಮಿನಿ ಅನ್ನೋ ಹೆಸರು ಬಂತು. 1089 ಸಿಸಿಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಗೇರು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಕೆಟ್ಟರೆ ಕಣ್ಣಿಂದ ನೋಡಿ, ಕಿವಿಯಿಂದ ಕೇಳಿ ಕಂಡುಹಿಡೀಬೇಕು. ಅದಕ್ಕೇ ಅನುಭವಸ್ಥರ ಮಾತಿಗೆ ಇಲ್ಲಿ ಅಷ್ಟು ಬೆಲೆ.

ಮೊದಲು ಯಾವುದು?

ಎಲ್ಲರಿಗಿಂತ ಮೊದಲು ಉಪಯೋಗಕ್ಕೆ ಬಂದಿದ್ದು ಮೈಸೂರಿನ ನಿವೃತ್ತ ಮೇಷ್ಟ್ರೊಬ್ಬರ ಮಾತು. ಅವರ ಹತ್ತಿರ ಎರಡು ಪದ್ಮಿನಿ ಇವೆ. ‘ನಿಲ್ಲೋದು, ತಿರುಗೋದು, ಆಮೇಲೆ ಓಡೋದು, ಕೊನೆಗೆ ಮಿಂಚೋದು. ಈ ಕ್ರಮದಲ್ಲೇ ಖರ್ಚು ಮಾಡಿ’ ಅಂದ್ರು. ಬಹಳ ಜನ ತಲೆಕೆಳಗಾಗಿ ಶುರುಮಾಡ್ತಾರೆ. ಬಣ್ಣ, ಸೀಟ್ ಕವರ್‌ಗೆ ದುಡ್ಡು ಮುಗಿಸಿ ಬ್ರೇಕಿಗೆ ಬಂದಾಗ ಜೇಬು ಖಾಲಿ.

ಈ ಕ್ರಮದಲ್ಲೂ ಬ್ರೇಕಿಗಿಂತ ಮುಂಚೆ ನೋಡಬೇಕಾದ್ದು ತುಕ್ಕು. ಪದ್ಮಿನಿಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುತ್ತೆ. ಹಾಗಾಗಿ ಕಾಲಿಡೋ ಫ್ಲೋರು, ಬಾಗಿಲ ಕೆಳಗಿನ ಅಂಚು, ಹಿಂದಿನ ಪಟ್ಟಿ ಸ್ಪ್ರಿಂಗ್ ಕೂರೋ ಜಾಗ ತೂತುಬಿದ್ದಿದ್ದರೆ ಅದು ಬರೀ ಅಂದದ ಪ್ರಶ್ನೆಯಲ್ಲ. ಪರೀಕ್ಷೆ ಸುಲಭ. ಫ್ರಿಜ್ ಮೇಲಿನ ಮ್ಯಾಗ್ನೆಟ್ಟಿಗೆ ತೆಳ್ಳನೆ ಬಟ್ಟೆ ಸುತ್ತಿ ಬಾಡಿ ಮೇಲೆ ಆಡಿಸಿ. ಹಿಡಿಯದ ಕಡೆ ಒಳಗೆ ಪುಟ್ಟಿ ಇದೆ ಅಂತ ಅರ್ಥ. ನಮ್ಮ ಕಾರಿನ ಡ್ರೈವರ್ ಕಡೆ ಫ್ಲೋರ್ ಹೋಗಿತ್ತು, ಉಳಿದಿದ್ದು ಗಟ್ಟಿ ಇತ್ತು. ಕೆಟ್ಟ ತಗಡು ಕತ್ತರಿಸಿ ಹೊಸ ಶೀಟ್ ವೆಲ್ಡ್ ಮಾಡಿಸಿದ್ವಿ.

ಆಮೇಲೆ ಬ್ರೇಕು. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಎಳೆದುಕೊಳ್ಳುತ್ತೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ತೇವವೇ ಸಿಲಿಂಡರ್ ಒಳಗೆ ತುಕ್ಕು ಹಿಡಿಸುತ್ತೆ, ರಬ್ಬರ್ ವಾಷರ್‌ಗಳು ಕೊಳೆಯುತ್ತವೆ. ಪೆಡಲ್ ಒತ್ತಿದಾಗ ಗಟ್ಟಿ ಅನ್ನಿಸಿದರೂ ನಂಬಬಾರದು. ಮಾಸ್ಟರ್ ಸಿಲಿಂಡರ್, ನಾಲ್ಕೂ ಚಕ್ರದ ಸಿಲಿಂಡರ್, ರಬ್ಬರ್ ಹೋಸ್ ಎಲ್ಲ ಬಿಚ್ಚಿಸಿದ್ವಿ. ಇಲ್ಲೊಂದು ಎಚ್ಚರಿಕೆ: ಬ್ರೇಕಿನ ರಬ್ಬರ್ ಭಾಗಗಳನ್ನ ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್‌ನಲ್ಲಿ ತೊಳೆಯೋಕೆ ಬಿಡಬೇಡಿ. ರಬ್ಬರ್ ಊದಿಕೊಂಡು ಬ್ರೇಕ್ ಜಾಮ್ ಆಗುತ್ತೆ.

ಟೈರೂ ಅಷ್ಟೇ. ಅಂಚಿನಲ್ಲಿ ನಾಲ್ಕಂಕಿ ಇರುತ್ತೆ. 1312 ಅಂತಿದ್ದರೆ 2012ನೇ ಇಸವಿಯ 13ನೇ ವಾರದಲ್ಲಿ ತಯಾರಾದದ್ದು. ಗುಂಡಿ ಎಷ್ಟೇ ಚೆನ್ನಾಗಿ ಕಂಡರೂ ಅಷ್ಟು ಹಳೇ ರಬ್ಬರನ್ನು ನಂಬಿ ಹೆದ್ದಾರಿಗೆ ಹೋಗಬೇಡಿ.

‘ಯಾಕೆ?’ ಅಂತ ಕೇಳಿ

ಈಗ ಎಂಜಿನ್ ಜಗಳಕ್ಕೆ ಬರೋಣ. ನಿಂತ ಎಂಜಿನ್‌ಗೆ ಬ್ಯಾಟರಿ ಕೊಟ್ಟು ಒಮ್ಮೆಗೇ ಸೆಲ್ಫ್ ಹೊಡೆಯಬಾರದು ಅನ್ನೋದರಲ್ಲಿ ಎಲ್ಲರೂ ಒಂದೇ ಮಾತು. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು, ಒಂದು ದಿನ ಬಿಟ್ಟು ಪಾನಾದಿಂದ ಕೈಯಲ್ಲೇ ತಿರುಗಿಸಿದ್ವಿ. ತಿರುಗಿತು. ಶೆಡ್ಡಲ್ಲಿ ಚಪ್ಪಾಳೆ!

ಸ್ಟಾರ್ಟ್ ಆದಮೇಲೆ ಜಗಳ ಶುರು. ಶಕ್ತಿ ಇಲ್ಲ, ಒಂದು ಸಿಲಿಂಡರ್ ಕುಂಟುತ್ತಿತ್ತು. ಒಬ್ಬರು ‘ಬೋರ್ ಮಾಡಿಸಿ, ಪಿಸ್ಟನ್ ಹಾಕಿಸಿ’ ಅಂದ್ರು. ನಮ್ಮ ಬಜೆಟ್ ಅಲ್ಲಿಗೇ ಮುಗೀತಿತ್ತು. ನಾನು ಎಲ್ಲರಿಗೂ ಕೇಳಿದ್ದು ಎರಡೇ ಪ್ರಶ್ನೆ: ಯಾಕೆ ಹಾಗನ್ನಿಸುತ್ತೆ? ಬಿಚ್ಚುವ ಮೊದಲು ಅದನ್ನ ಪರೀಕ್ಷೆ ಮಾಡೋದು ಹೇಗೆ?

ಹುಬ್ಬಳ್ಳಿಯ ಅಣ್ಣ ಒಬ್ಬರು ಫೋನಲ್ಲೇ ದಾರಿ ತೋರಿಸಿದ್ರು. ಪ್ಲಗ್ ಜಾಗಕ್ಕೆ ಕಂಪ್ರೆಷನ್ ಗೇಜ್ ಹಾಕಿ ನಾಲ್ಕೂ ಸಿಲಿಂಡರ್ ಒತ್ತಡ ಬರೆದುಕೊಳ್ಳಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಒತ್ತಡ ಏರಿದರೆ ತೊಂದರೆ ಪಿಸ್ಟನ್ ರಿಂಗಲ್ಲಿ, ಯಾಕಂದ್ರೆ ಆಯಿಲ್ ಆ ಸಂದನ್ನ ಮುಚ್ಚುತ್ತೆ. ಏರದಿದ್ದರೆ ವಾಲ್ವಲ್ಲಿ ಅಥವಾ ಹೆಡ್ ಗ್ಯಾಸ್ಕೆಟ್ಟಲ್ಲಿ. ನಮ್ಮದರಲ್ಲಿ ಮೂರು ಸರಿ ಇದ್ದವು, ನಾಲ್ಕನೆಯದು ತೀರಾ ಕಡಿಮೆ, ಆಯಿಲ್ ಹಾಕಿದರೂ ಏರಲಿಲ್ಲ. ಹೆಡ್ ಮಾತ್ರ ಬಿಚ್ಚಿದಾಗ ಸುಟ್ಟ ವಾಲ್ವ್ ಒಂದು ಸಿಕ್ತು. ಲೇತ್‌ನಲ್ಲಿ ಆ ಕೆಲಸ ಅಷ್ಟೇ ಮಾಡಿಸಿದ್ವಿ. ಬೋರಿಂಗ್ ದುಡ್ಡು ಉಳೀತು.

ಬೋರ್ ಮಾಡಿಸಿ ಅಂದವರು ಮೋಸ ಮಾಡೋಕೆ ಹೇಳಿದ್ದಲ್ಲ. ಅವರ ಗಾಡಿಯಲ್ಲಿ ಅದೇ ತೊಂದರೆ ಇತ್ತು. ಸಲಹೆ ಅಂದ್ರೆ ಹೇಳೋರ ಗಾಡಿಯ ಕಥೆ. ಅದು ನಮ್ಮ ಗಾಡಿಗೂ ಹೊಂದುತ್ತಾ ಅಂತ ಹೇಳೋದು ಪರೀಕ್ಷೆ ಮಾತ್ರ.

ಲಕ್ಷಣ ಹೇಳಿ, ತೀರ್ಪು ಹೇಳಬೇಡಿ

ಮುಂದಿನ ಕಾಟ: ಬಿಸಿಯಾದ ಮೇಲೆ ಕಾರು ನಿಂತುಹೋಗೋದು, ಅರ್ಧ ಗಂಟೆ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗೋದು. ‘ಪೆಟ್ರೋಲ್ ಪಂಪ್ ಕೆಟ್ಟಿದೆ, ಎಲ್ಲಿ ಸಿಗುತ್ತೆ?’ ಅಂತ ಕೇಳಿದರೆ ಪಂಪಿನ ಅಂಗಡಿ ಅಡ್ರೆಸ್ ಮಾತ್ರ ಸಿಗುತ್ತೆ. ಅದರ ಬದಲು ಎಷ್ಟು ಕಿಲೋಮೀಟರ್ ಆದಮೇಲೆ ನಿಲ್ಲುತ್ತೆ, ಒಮ್ಮೆಗೇ ನಿಲ್ಲುತ್ತಾ ಕೆಮ್ಮಿ ಕೆಮ್ಮಿ ನಿಲ್ಲುತ್ತಾ ಅಂತ ಬರೆದು, ಆ ಶಬ್ದವನ್ನ ಮೊಬೈಲಲ್ಲಿ ರೆಕಾರ್ಡ್ ಮಾಡಿ ನಾಲ್ಕು ಜನಕ್ಕೆ ಕಳಿಸಿದೆ.

ಈ ಲಕ್ಷಣಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು, ಎಂಜಿನ್ ಶಾಖಕ್ಕೆ ಪೈಪಲ್ಲೇ ಪೆಟ್ರೋಲ್ ಆವಿಯಾಗಿ ಪಂಪ್ ಅದನ್ನ ಎಳೆಯಲಾರದೆ ಹೋಗೋದು. ಹಿಂದಿನವರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕ್ತಿದ್ದಿದ್ದು ಇದಕ್ಕೇ. ಎರಡು, ಬಿಸಿಗೆ ಇಗ್ನಿಷನ್ ಕಾಯಿಲ್ ಕೈಕೊಡೋದು. ಬೇರ್ಪಡಿಸೋಕೆ ಕಾರು ನಿಂತ ತಕ್ಷಣವೇ ನೋಡಬೇಕು. ಪ್ಲಗ್ಗಿಗೆ ಕಿಡಿ ಬರ್ತಿದೆಯಾ? ಕಾರ್ಬೊರೇಟರ್‌ಗೆ ಪೆಟ್ರೋಲ್ ಬರ್ತಿದೆಯಾ? ಕಿಡಿ ನೋಡುವಾಗ ಪೆಟ್ರೋಲ್ ಸೋರುವಿಕೆ ಇರಬಾರದು, ಪಕ್ಕದಲ್ಲಿ ತಿಳಿದವರು ಇರಬೇಕು. ನಮ್ಮದರಲ್ಲಿ ಪೆಟ್ರೋಲ್ ಇತ್ತು, ಕಿಡಿ ಇರಲಿಲ್ಲ. ತುಮಕೂರಿನ ಗೆಳೆಯರೊಬ್ಬರು ತಮ್ಮ ಕಾರಿನ ಕಾಯಿಲ್ ಬಿಚ್ಚಿ ಕೊಟ್ಟರು. ಅದನ್ನ ಹಾಕಿ ಬಿಸಿಲಲ್ಲಿ ನಲವತ್ತು ಕಿಲೋಮೀಟರ್ ಓಡಿಸಿದ್ವಿ, ನಿಲ್ಲಲಿಲ್ಲ. ಆಮೇಲೇ ಹೊಸದು ಕೊಂಡಿದ್ದು.

ಬೇಡ ಅನ್ನಬೇಕಾದ ಸಲಹೆಗಳು

ಕೆಲವು ಸಲಹೆ ಎಷ್ಟೇ ಪ್ರೀತಿಯಿಂದ ಬಂದರೂ ತಗೋಬೇಡಿ. ‘ಪೆಟ್ರೋಲ್ ಟ್ಯಾಂಕ್ ಖಾಲಿ ಇದೆ, ವೆಲ್ಡ್ ಮಾಡಿಸಿ’ ಅನ್ನೋದು ಅದರಲ್ಲಿ ಮೊದಲನೆಯದು. ಖಾಲಿ ಟ್ಯಾಂಕಲ್ಲಿ ಉಳಿದ ಆವಿ ಸಿಡಿಯುತ್ತೆ, ಜೀವ ಹೋಗುತ್ತೆ. ‘ಥರ್ಮೋಸ್ಟ್ಯಾಟ್ ಕಿತ್ತುಹಾಕಿ, ಹೀಟ್ ಆಗಲ್ಲ’ ಅಂತಾರೆ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಅದು ರೋಗ ಮುಚ್ಚಿಡೋ ಕೆಲಸ, ಎಂಜಿನ್ ಸರಿಯಾದ ಶಾಖಕ್ಕೆ ಬರದೆ ಸವೆಯುತ್ತೆ. ‘ಫ್ಯೂಸ್ ಪದೇ ಪದೇ ಹೋಗುತ್ತಾ, ದಪ್ಪ ತಂತಿ ಹಾಕಿ’ ಅಂದ್ರೆ ಮುಂದಿನ ಸಲ ಸುಡೋದು ವೈರಿಂಗು.

ಹಳೇ ಅನುಭವದಲ್ಲಿ ಇಲ್ಲದ ಹೊಸ ವಿಷಯವೂ ಒಂದಿದೆ. ಈಗ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತೆ. ಈ ಕಾರುಗಳ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಅದಕ್ಕಾಗಿ ಮಾಡಿದ್ದಲ್ಲ. ಎಥೆನಾಲ್ ತಡೆಯೋ ಪೈಪ್ ಹಾಕಿಸಿ, ತಿಂಗಳುಗಟ್ಟಲೆ ಪೆಟ್ರೋಲ್ ತುಂಬಿಟ್ಟು ಗಾಡಿ ನಿಲ್ಲಿಸಬೇಡಿ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತೆ.

ಕಾಗದ ಪತ್ರ

ಒಂದು ರೂಪಾಯಿ ಖರ್ಚು ಮಾಡೋ ಮುಂಚೆ ಆರ್‌ಸಿ ತೆಗೀರಿ. ಚಾಸಿ ನಂಬರ್, ಎಂಜಿನ್ ನಂಬರ್ ಕಾರಿನ ಮೇಲಿರೋದಕ್ಕೆ ಸರಿಹೊಂದುತ್ತಾ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಎಂಜಿನ್ ಬದಲಿಸಿದ್ದರೆ ಅದೂ ಆರ್‌ಸಿಯಲ್ಲಿ ನಮೂದಾಗಿರಬೇಕು. 2021ರಲ್ಲಿ ಬಂದ ವಿಂಟೇಜ್ ನೋಂದಣಿ 50 ವರ್ಷ ದಾಟಿದ ವಾಹನಗಳಿಗೆ ಮಾತ್ರ. ಅದರಲ್ಲಿ ದಿನಾ ಓಡಿಸೋ ಹಾಗಿಲ್ಲ. 1984ರ ನಮ್ಮ ಕಾರು ಅದಕ್ಕಿನ್ನೂ ಚಿಕ್ಕದು, ಹಾಗಾಗಿ ಮಾಮೂಲಿ ನವೀಕರಣವೇ.

ಪಾರ್ಟು ಮತ್ತು ಜನ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಪದ್ಮಿನಿ ಸಾಮಾನು ಇನ್ನೂ ಸಿಗುತ್ತೆ, ಆದರೆ ಕಡಿಮೆಯಾಗ್ತಿದೆ. ಈ ಕಾರಿನ ಪಾರ್ಟ್‌ಗಳಿಗೆ ಇಷ್ಟು ವರ್ಷ ದೊಡ್ಡ ಗಿರಾಕಿ ಆಗಿದ್ದದ್ದು ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿ. ಅವುಗಳಿಗೆ 20 ವರ್ಷದ ಮಿತಿ ಇತ್ತು, 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳ ಕಾಲ ಮುಗೀತು. ಗಿರಾಕಿ ಇಲ್ಲದ ಸಾಮಾನನ್ನ ಯಾರೂ ತಯಾರಿಸಲ್ಲ. ಅದಕ್ಕೇ ಬಿಚ್ಚಿದ ಹಳೇ ಪಾರ್ಟ್ ಎಸೀಬೇಡಿ. ಹೊಸದು ಹೊಂದದಿದ್ದರೆ ಹಳೇದೇ ಅಳತೆಗೆ ಮಾದರಿ. ಒರಿಜಿನಲ್ ಹೇಗಿರುತ್ತೆ ಅಂತ ಕಣ್ಣಾರೆ ನೋಡೋಕೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ, ಶ್ರೀರಂಗಪಟ್ಟಣ ಹತ್ತಿರದ ‘ಪಯಣ’ ಕಾರು ಸಂಗ್ರಹಾಲಯ ಒಳ್ಳೇ ಜಾಗ.

ಪಾರ್ಟ್‌ಗಿಂತ ಬೇಗ ಖಾಲಿಯಾಗ್ತಿರೋದು ತಿಳಿದ ಕೈಗಳು. ಕಾರ್ಬೊರೇಟರ್ ಶಬ್ದ ಕೇಳಿ ಟ್ಯೂನ್ ಮಾಡೋ ಮೇಸ್ತ್ರಿಗಳಿಗೆ ಈಗ ಅರವತ್ತು, ಎಪ್ಪತ್ತು ವರ್ಷ. ಅವರು ಮಾಡಿದ್ದನ್ನ ಅವರ ಒಪ್ಪಿಗೆ ತಗೊಂಡು ವಿಡಿಯೊ ಮಾಡಿ, ಅಳತೆ ಬರೆದಿಡಿ. ಯಾರದಾದ್ರೂ ಸಲಹೆಯಿಂದ ಕೆಲಸ ಆದರೆ ‘ಆಯ್ತು, ಕಾರಣ ಇದಾಗಿತ್ತು’ ಅಂತ ಫೋನ್ ಮಾಡಿ ಹೇಳಿ. ಆಗದಿದ್ದರೂ ಹೇಳಿ. ಮುಂದಿನವರು ಕೇಳಿದಾಗ ಅವರ ಸಲಹೆ ಇನ್ನಷ್ಟು ಸರಿಯಾಗಿರುತ್ತೆ.

ನಮ್ಮ ಕಾರಿಗೆ ಇಲ್ಲಿವರೆಗೆ ಒಂದು ಲಕ್ಷದ ಹದಿನೆಂಟು ಸಾವಿರ ಆಗಿದೆ. ಶಿವರಾತ್ರಿ ಕಳೆದ ವಾರ ದೊಡ್ಡಪ್ಪ, ದೊಡ್ಡಮ್ಮ ಯಡಿಯೂರಿಗೆ ಹೋಗಿಬಂದ್ರು. ಸ್ಟೀರಿಂಗ್ ಹಿಡಿದಿದ್ದು ನಾನು, ದೊಡ್ಡಪ್ಪ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಗೇರ್ ಬದಲಿಸೋದು ಹೇಗೆ ಅಂತ ಹೇಳ್ತಾನೇ ಇದ್ರು. ಅಣ್ಣನ ಕೊಬ್ಬರಿ ಅಟ್ಟಕ್ಕೂ ಪಾಯ ಬಿದ್ದಿದೆ. ಬಣ್ಣ ಇನ್ನೂ ಹೊಡಿಸಿಲ್ಲ.

ನಿಮ್ಮ ಮನೆ ಹಿತ್ತಿಲಲ್ಲೋ, ಅಜ್ಜನ ಊರಲ್ಲೋ ಟಾರ್ಪಾಲ್ ಹೊದ್ದು ನಿಂತ ಗಾಡಿ ಇದ್ದರೆ ಈ ವಾರ ಮೂರೇ ಕೆಲಸ ಮಾಡಿ: ಆರ್‌ಸಿ ಹುಡುಕಿ, ಮ್ಯಾಗ್ನೆಟ್ ಆಡಿಸಿ, ಆ ಗಾಡಿ ಓಡಿಸಿದ ಹಿರಿಯರ ಹತ್ತಿರ ಕೂತು ಅದು ಯಾವಾಗ, ಯಾಕೆ ನಿಂತಿತು ಅಂತ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.